450 ಲೀಟರ್ ನೀರು, 36 ಅಡಿ ಮನೆ

ಬೋಟಿನಲ್ಲೇ ಮನೆ ಮಾಡಿ, ಚಳಿಗಾಲಕ್ಕೆ ವರ್ಜೀನಿಯಾದಿಂದ ಫ್ಲಾರಿಡಾಕ್ಕೆ ಅದರಲ್ಲೇ ಹೋಗ್ತೀವಿ ಎಂದಾಗ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ‘ಈಜು ಬರುತ್ತಾ?’ ಬರುತ್ತದೆ, ಸುಮಾರಾಗಿ. ‘ಟ್ಯಾಂಕಿಗೆ ಎಷ್ಟು ನೀರು ಹಿಡಿಸುತ್ತೆ?’ ಎಂದು ಕೇಳಿದವಳು ಹುಬ್ಬಳ್ಳಿಯಲ್ಲಿರುವ ನಮ್ಮಕ್ಕ ಒಬ್ಬಳೇ. ನಲ್ಲಿ ನೀರು ಬರುವ ದಿನ ನೋಡಿಕೊಂಡು ಊರಿಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಾವು. ಅವಳು ಕೇಳದೆ ಇನ್ಯಾರು ಕೇಳಬೇಕು?

450 ಲೀಟರ್ ಹಿಡಿಸುತ್ತದೆ. ನಾನು ಪಾತ್ರೆ ತೊಳೆದರೆ ಇಬ್ಬರಿಗೆ ಹತ್ತು ದಿನ ಆರಾಮಾಗಿ ಸಾಕು. ನಮ್ಮವರು ತೊಳೆದರೆ ಐದೇ ದಿನ. ಅವರು ಕುಂದಾಪುರದ ಕಡೆಯವರು. ಮನೆಯ ಹಿಂದೆಯೇ ಬಾವಿ, ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಮೋಡ ಏನು ಹೇಳುತ್ತಿದೆ ಎಲ್ಲ ಅವರಿಗೆ ಗೊತ್ತಾಗುತ್ತದೆ. ನಲ್ಲಿ ನಿಲ್ಲಿಸುವುದು ಮಾತ್ರ ಗೊತ್ತಾಗುವುದಿಲ್ಲ.

ಬೋಟಿನ ಬದುಕು ಎಂದರೆ ಭಾರೀ ಧೈರ್ಯ ಬೇಕು ಎಂದು ಜನ ಅಂದುಕೊಳ್ಳುತ್ತಾರೆ. ನನಗೆ ಹಾಗನಿಸಿಲ್ಲ. ಇದು ಮುಕ್ಕಾಲುಪಾಲು ಮನೆಗೆಲಸ. ನೀರು, ಕರೆಂಟು, ಗ್ಯಾಸು, ಡೀಸೆಲ್, ಕಕ್ಕಸಿನ ಟ್ಯಾಂಕು, ಎಲ್ಲಕ್ಕೂ ಒಂದು ಮಟ್ಟ ಇದೆ. ದಿನಾ ಅದನ್ನು ನೋಡಬೇಕು. ನೋಡುವವರಿಗೆ ಪ್ರಯಾಣ ಸಲೀಸು. ನೋಡದವರಿಗೆ ಸಾಹಸ!

ನಾವು ಹೋಗುವ ದಾರಿಗೆ ಇಂಟ್ರಾಕೋಸ್ಟಲ್ ವಾಟರ್‌ವೇ ಎನ್ನುತ್ತಾರೆ. ಅಮೆರಿಕದ ಪೂರ್ವ ಕರಾವಳಿಗೆ ಅಂಟಿಕೊಂಡೇ, ಆದರೆ ಸಮುದ್ರದ ಒಳಗಲ್ಲ, ದಡದ ಈಚೆ ಇರುವ ನೀರಿನ ದಾರಿ ಅದು. ನದಿ, ಹಿನ್ನೀರು, ದ್ವೀಪಗಳ ಹಿಂದಿನ ಜೌಗು, ನಡುನಡುವೆ ಮನುಷ್ಯರು ತೋಡಿದ ಕಾಲುವೆ, ಇವನ್ನೆಲ್ಲ ಜೋಡಿಸಿ ಮಾಡಿದ್ದಾರೆ. ನಾರ್ಫೋಕ್ ಊರಿನ ಎಲಿಜಬೆತ್ ನದಿಯಲ್ಲಿ ಮೈಲಿ ಸೊನ್ನೆ. ಅಲ್ಲಿಂದ ಮಯಾಮಿ ಸುಮಾರು 1,090 ಮೈಲಿ. ಸೇನೆಯ ಎಂಜಿನಿಯರುಗಳ ದಳ ಇದರ ಹೂಳೆತ್ತಿಸುತ್ತದೆ. ಕಾಗದದ ಮೇಲೆ ಬಹುಪಾಲು ದೂರ 12 ಅಡಿ ಆಳ ಇರಬೇಕು. ನಿಜವಾಗಿ ಎಷ್ಟಿದೆ ಎಂದು ತಿಳಿಯಲು ಹೊಸ ಸರ್ವೆ ನಕ್ಷೆ ನೋಡಬೇಕು, ಮುಂದೆ ಹೋದವರು ಬರೆದಿಟ್ಟದ್ದನ್ನು ಓದಬೇಕು.

ಸಮುದ್ರದಲ್ಲೇ ಸೀದಾ ಹೋಗಬಾರದೇ ಎಂದು ಕೇಳಬಹುದು. ಹೋಗಬಹುದು, ಹೋಗುವವರೂ ಇದ್ದಾರೆ. ಆದರೆ ದಾರಿಯಲ್ಲಿ ಕೇಪ್ ಹ್ಯಾಟರಸ್ ಇದೆ. ಬಿಸಿ ನೀರಿನ ಗಲ್ಫ್ ಸ್ಟ್ರೀಮ್ ಅದರ ಹತ್ತಿರದಲ್ಲೇ ಹಾಯುತ್ತದೆ, ಮರಳು ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ, ಉತ್ತರದ ಗಾಳಿ ಬಂದರೆ ಅಲೆಗಳು ಕಡಿದಾಗಿ ಎದ್ದು ನಿಲ್ಲುತ್ತವೆ. ಆ ನೀರಿಗೆ ‘ಅಟ್ಲಾಂಟಿಕ್‌ನ ಸ್ಮಶಾನ’ ಎಂದೇ ಹೆಸರು. 1942ರಲ್ಲಿ ಜರ್ಮನ್ ಸಬ್‌ಮರೀನ್‌ಗಳು ಅಲ್ಲಿ ಹಡಗುಗಳನ್ನು ಮುಳುಗಿಸುತ್ತಿದ್ದಾಗ ಸರಕು ದೋಣಿಗಳು ಈ ಒಳದಾರಿಯಲ್ಲೇ ಓಡಾಡಿದ್ದವು. ನಮಗೆ ಒಳದಾರಿಯೇ ಸಾಕು.

ಬೋಟು ಕೊಂಡ ಕಥೆ ಉದ್ದ ಎಳೆಯುವುದಿಲ್ಲ. ಹಳೆಯ ಟ್ರಾಲರ್, ಅಂದರೆ ಮೀನು ಹಿಡಿಯುವ ದೋಣಿಯ ಆಕಾರದ ವಾಸದ ಬೋಟು, 36 ಅಡಿ ಉದ್ದ, ನೀರಿನೊಳಗೆ ಮೂರೂವರೆ ಅಡಿ ಮುಳುಗುತ್ತದೆ. ಒಂದೇ ಡೀಸೆಲ್ ಎಂಜಿನ್, ಫೋರ್ಡ್ ಲೀಮನ್ 120. ವೇಗ ಏಳು ನಾಟ್, ಅಂದರೆ ಗಂಟೆಗೆ ಸುಮಾರು 13 ಕಿಲೋಮೀಟರ್. ಗಂಟೆಗೆ ಎಂಟು ಲೀಟರ್ ಡೀಸೆಲ್. ಬೋಟು ಪರೀಕ್ಷಿಸುವ ಸರ್ವೇಯರ್ ಬಂದು ಅದನ್ನು ನೀರಿನಿಂದ ಎತ್ತಿಸಿ, ಸಣ್ಣ ಸುತ್ತಿಗೆಯಲ್ಲಿ ಇಂಚಿಂಚು ಬಡಿದು ಸದ್ದು ಕೇಳಿದರು. ಗಟ್ಟಿ ಸದ್ದು ಬಂದರೆ ಫೈಬರ್ ಚೆನ್ನಾಗಿದೆ, ಮಂಕಾಗಿ ಬಂದರೆ ಒಳಗೆ ನೀರು ಸೇರಿದೆ ಎಂದರ್ಥ. ಆ ವರದಿ ಇಲ್ಲದೆ ಹಳೆಯ ಬೋಟಿಗೆ ವಿಮೆ ಸಿಗುವುದೇ ಕಷ್ಟ. ವಿಮೆಯವರು ಇನ್ನೂ ಎರಡು ಷರತ್ತು ಹಾಕಿದರು. ಲೈಸೆನ್ಸ್ ಇರುವ ಕ್ಯಾಪ್ಟನ್ ಜೊತೆ ತರಬೇತಿ ಆಗಬೇಕು. ನವೆಂಬರ್ 1ರ ತನಕ ಫ್ಲಾರಿಡಾ ಗಡಿ ದಾಟಬಾರದು. ಚಂಡಮಾರುತದ ಕಾಲ ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30. ಹಾಗಾಗಿ ಅಕ್ಟೋಬರ್‌ನಲ್ಲಿ ಬೋಟುಗಳೆಲ್ಲ ಹಿಂಡು ಹಿಂಡಾಗಿ ನಿಧಾನಕ್ಕೆ ದಕ್ಷಿಣಕ್ಕೆ ಇಳಿಯುತ್ತಿರುತ್ತವೆ. ಇಲ್ಲಿ ಅವರಿಗೆ ‘ಸ್ನೋಬರ್ಡ್’ ಎನ್ನುತ್ತಾರೆ. ನಾವೂ ಆ ಹಿಂಡಿಗೆ ಸೇರಿದೆವು.

ಬೋಟಿಗೆ ‘ಮಲಪ್ರಭಾ’ ಎಂದು ಹೆಸರಿಟ್ಟವಳು ನಾನು. ಹುಬ್ಬಳ್ಳಿಗೆ ಕುಡಿಯಲು ನೀರು ಕೊಡುವ ಹೊಳೆ, ಇನ್ನೇನು ಇಡಲಿ? ಆದರೆ ಸೇತುವೆ ಎತ್ತಿಸಲು ರೇಡಿಯೋದಲ್ಲಿ ಹೇಳುವಾಗ ನಮ್ಮವರು ಪ್ರತಿ ಸಲವೂ ಅಕ್ಷರ ಬಿಡಿಸಿ ಹೇಳಬೇಕು: ‘ಮೈಕ್ ಆಲ್ಫಾ ಲಿಮಾ ಆಲ್ಫಾ ಪಾಪಾ ರೋಮಿಯೋ...’ ಮುಗಿಯುವಷ್ಟರಲ್ಲಿ ಸೇತುವೆ ಹತ್ತಿರ ಬಂದಿರುತ್ತದೆ. ಸೇತುವೆ ಕಾಯುವವರು ಅಲ್ಲಿಂದ ‘ಓಕೆ ಕ್ಯಾಪ್ಟನ್, ಬಾ’ ಎಂದು ಮುಗಿಸಿಬಿಡುತ್ತಾರೆ.

ನಾರ್ಫೋಕ್‌ನಲ್ಲಿ ಜಗತ್ತಿನ ಅತಿ ದೊಡ್ಡ ನೌಕಾನೆಲೆ ಇದೆ. ಬೂದು ಬಣ್ಣದ ಯುದ್ಧನೌಕೆಗಳು ಸಾಲಾಗಿ ನಿಂತಿರುತ್ತವೆ. 500 ಗಜದೊಳಗೆ ಬಂದರೆ ವೇಗ ತಗ್ಗಿಸಬೇಕು, 100 ಗಜದೊಳಗೆ ಹೋಗಲೇಬಾರದು. ನಾವು ಆ ಕಡೆ ಮುಖ ಕೂಡ ಮಾಡದೆ ದಾಟಿದೆವು.

ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ದೊಡ್ಡ ಬೋಟು, ಸರಕು ಹೊರುವ ಬಾರ್ಜುಗಳೆಲ್ಲ ಗ್ರೇಟ್ ಬ್ರಿಡ್ಜ್ ಎಂಬ ಊರಿನ ಕಡೆಯಿಂದ ಹೋಗುತ್ತವೆ. ನಾವು ಡಿಸ್ಮಲ್ ಸ್ವಾಂಪ್ ಕಾಲುವೆ ಹಿಡಿದೆವು. 22 ಮೈಲಿ, ಬಾಣ ಬಿಟ್ಟ ಹಾಗೆ ನೇರ. ಎರಡೂ ತುದಿಗೆ ಒಂದೊಂದು ಲಾಕ್. ಬೋಟನ್ನು ಗೇಟಿನೊಳಗೆ ಬಿಟ್ಟು, ಬಾಗಿಲು ಮುಚ್ಚಿ, ನೀರು ತುಂಬಿಸುತ್ತಾರೆ. ನೀವು ಹಗ್ಗ ಹಿಡಿದು ನಿಂತಿರುವಾಗ ಸುಮಾರು ಎಂಟು ಅಡಿ ಮೇಲೆ ಬಂದಿರುತ್ತೀರಿ. ಹಗ್ಗವನ್ನು ಎಳೆದುಕೊಳ್ಳುತ್ತಲೇ ಇರಬೇಕು. ಗಂಟು ಹಾಕುವಂತಿಲ್ಲ.

ಈ ಕಾಲುವೆ ತೋಡಲು ಶುರು ಮಾಡಿದ್ದು 1793ರಲ್ಲಿ, ತೆರೆದದ್ದು 1805ರಲ್ಲಿ. ತೋಡಿದವರು ಗುಲಾಮರು. ಜೌಗಿನಲ್ಲಿ, ಸೊಳ್ಳೆ ಹಾವುಗಳ ನಡುವೆ, ಸೊಂಟದವರೆಗೆ ಕೆಸರಲ್ಲಿ ನಿಂತು ಕೈಯಲ್ಲೇ ತೋಡಿದ್ದು. ಇದೇ ಜೌಗಿನ ಒಳಗೆ ತಪ್ಪಿಸಿಕೊಂಡ ಗುಲಾಮರು ಊರು ಕಟ್ಟಿಕೊಂಡು ತಲೆಮಾರುಗಟ್ಟಲೆ ಬದುಕಿದ್ದರು. ಎರಡೂ ಕಡೆ ಮರ ಬಾಗಿ ತಂಪಾಗಿದೆ, ಎಲೆ ಕೆಂಪಾಗುತ್ತಿದೆ, ಎಲ್ಲರೂ ಫೋಟೋ ತೆಗೆಯುತ್ತಿದ್ದಾರೆ. ನಾನೂ ತೆಗೆದೆ. ಆದರೆ ಆ ನೇರ ಗೆರೆಯನ್ನು ನೋಡಿದಾಗಲೆಲ್ಲ ಗುದ್ದಲಿಯೇ ಕಣ್ಮುಂದೆ ಬರುತ್ತಿತ್ತು.

ಇಲ್ಲಿನ ನೀರು ಹಾಲು ಹಾಕದ ಚಹಾದ ಬಣ್ಣ. ಮರದ ತೊಗಟೆ, ಎಲೆಗಳ ಒಗರು ಇಳಿದು ಹಾಗಾಗುತ್ತದೆ. ಬಿಳಿ ಬೋಟಿನ ಮೂತಿಗೆ ಕಂದು ಕಲೆ ಹಿಡಿಯುತ್ತದೆ. ಇದಕ್ಕೆ ಇಲ್ಲಿಯವರು ‘ಮೀಸೆ’ ಎನ್ನುತ್ತಾರೆ. ಮೀಸೆ ಇರುವ ಬೋಟು ಕಂಡರೆ ಇವರು ಈ ದಾರಿಯಲ್ಲೇ ಬಂದವರು ಎಂದು ದೂರದಿಂದಲೇ ಗೊತ್ತಾಗುತ್ತದೆ. ನಿಂಬೆರಸದಲ್ಲಿ ಉಜ್ಜಿದರೆ ಹೋಗುತ್ತದೆ. ನಮ್ಮವರು ಹೋಗುವುದು ಬೇಡ ಎಂದರು.

ಕಾಲುವೆ ದಾಟಿದ ಮೇಲೆ ಎಲಿಜಬೆತ್ ಸಿಟಿ. ಬೋಟಿನವರಿಗೆ ಕಟ್ಟೆ ಪುಕ್ಕಟೆ. 1983ರಲ್ಲಿ ಇಬ್ಬರು ಊರಿನವರು ಬಂದ ಬೋಟಿನವರಿಗೆ ಗುಲಾಬಿ ಕೊಟ್ಟು ಸ್ವಾಗತಿಸುವ ಪದ್ಧತಿ ಶುರು ಮಾಡಿದ್ದರು. ಊರು ಅದಕ್ಕೇ ಹೆಸರಾಯಿತು.

ಅದರಾಚೆಗೆ ಆಲ್ಬಮಾರ್ಲ್ ಸೌಂಡ್ ಎಂಬ ಅಗಲವಾದ ಹಿನ್ನೀರು. ನಕ್ಷೆಯಲ್ಲಿ ದೊಡ್ಡ ಸರೋವರ. ಆಳ ಮಾತ್ರ ಹೆಚ್ಚೆಂದರೆ ಇಪ್ಪತ್ತು ಅಡಿ. ಅದೇ ತೊಂದರೆ. ಆಳ ಕಡಿಮೆ ಇರುವ ಕಡೆ ಗಾಳಿ ಬಂದರೆ ಅಲೆ ಉದ್ದಕ್ಕೆ ಹರಡುವುದಿಲ್ಲ, ಗಿಡ್ಡಗೆ ಎದ್ದು ಒಂದರ ಹಿಂದೆ ಒಂದು ಹೊಡೆಯುತ್ತದೆ. ನಾವು ದಾಟಿದ ದಿನ ಗಾಳಿ ಜಾಸ್ತಿ ಇರಲಿಲ್ಲ. ಆದರೂ ಅರ್ಧ ದಾರಿಯಲ್ಲಿ ಎಂಜಿನ್ನಿನ ಸದ್ದು ಬದಲಾಯಿತು. ಒಂದೇ ಸಮ ಗುಂಯ್ ಎನ್ನುತ್ತಿದ್ದದ್ದು ತಡವರಿಸತೊಡಗಿತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು 1,700ರಿಂದ 1,500ಕ್ಕೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು.

ಹಳೆಯ ಬೋಟಿನ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆಯ ಗಸಿ ಕೂತಿರುತ್ತದೆ. ಕಟ್ಟೆಯಲ್ಲಿ ಸುಮ್ನೆ ನಿಂತಿದ್ದಾಗ ಏನೂ ಮಾಡುವುದಿಲ್ಲ. ಅಲೆಗೆ ಕುಲುಕಿದಾಗ ಎದ್ದು ಫಿಲ್ಟರಿಗೆ ಬಂದು ಕಟ್ಟಿಕೊಳ್ಳುತ್ತದೆ. ಇದು ಆಗಬಹುದು ಎಂದು ತರಬೇತಿ ಕೊಟ್ಟ ಕ್ಯಾಪ್ಟನ್ ಮೊದಲೇ ಹೇಳಿದ್ದರು. ಅದಕ್ಕೇ ಎರಡು ಫಿಲ್ಟರ್ ಪಕ್ಕಪಕ್ಕ ಹಾಕಿಸಿದ್ದೆವು. ನಮ್ಮವರು ಸ್ಟಿಯರಿಂಗ್ ಬಿಡಲಿಲ್ಲ. ನಾನು ನೆಲದ ಹಲಗೆ ಎತ್ತಿ ಎಂಜಿನ್ ಕೋಣೆಗೆ ಇಳಿದೆ. ಸೆಕೆ, ಡೀಸೆಲ್ ವಾಸನೆ, ಕಿವಿಗಡಚಿಕ್ಕುವ ಸದ್ದು. ಫಿಲ್ಟರಿನ ಮೇಲಿನ ಗೇಜಿನ ಮುಳ್ಳು ಕೆಂಪಿಗೆ ಬಂದಿತ್ತು. ಹಳದಿ ಹಿಡಿಕೆಯನ್ನು ಎಡದಿಂದ ಬಲಕ್ಕೆ ತಿರುಗಿಸಿದೆ. ಮುಳ್ಳು ಹಸಿರಿಗೆ ಬಿತ್ತು. ಹತ್ತು ಉಸಿರು ಎಣಿಸುವಷ್ಟರಲ್ಲಿ ಎಂಜಿನ್ ಮತ್ತೆ ಗುಂಯ್ ಎಂದಿತು. ಕಟ್ಟಿಕೊಂಡಿದ್ದ ಫಿಲ್ಟರ್ ಬಿಚ್ಚಿದರೆ ಒಳಗೆ ಕಪ್ಪು ಲೋಳೆ. ಚೀಲದಲ್ಲಿ ಹಾಕಿ ಕಟ್ಟಿ, ಹೊಸದನ್ನು ಕೂರಿಸಿ, ಡೀಸೆಲ್ ತುಂಬಿ, ಮುಚ್ಚಳ ಬಿಗಿ ಮಾಡಿ ಮೇಲೆ ಬಂದೆ. ‘ಏನಾಯ್ತು?’ ಎಂದರು. ‘ಚಹಾ ಸೋಸೋ ಜರಡಿ ಕಟ್ಟಿತ್ತು’ ಎಂದೆ. ಆಮೇಲೆ ಆ ಕೆಲಸ ನನ್ನದೇ ಆಯಿತು. ಟ್ಯಾಂಕನ್ನು ಮುಂದಿನ ಊರಿನಲ್ಲಿ ಸೋಸಿ ತೊಳೆಸಿದೆವು.

ನಾರ್ತ್ ಕ್ಯಾರೊಲಿನಾದಲ್ಲಿ ದಾರಿ ಸೀದಾ ಮರೀನ್ ಸೈನಿಕರ ಕ್ಯಾಂಪ್ ಲಜೂನ್ ನಡುವೆಯೇ ಹಾಯುತ್ತದೆ. ಗುಂಡು ಹಾರಿಸುವ ಅಭ್ಯಾಸ ಇದ್ದರೆ ನೀರಿನ ದಾರಿಯನ್ನೇ ಮುಚ್ಚುತ್ತಾರೆ. ದೊಡ್ಡ ಬೋರ್ಡಿನ ಮೇಲೆ ದೀಪ ಮಿನುಗುತ್ತಿದ್ದರೆ ನಿಲ್ಲಬೇಕು. ರಾತ್ರಿ ಅಲ್ಲೇ ಮೈಲ್ ಹ್ಯಾಮಕ್ ಬೇ ಎಂಬಲ್ಲಿ ಲಂಗರು ಹಾಕಲು ಬಿಡುತ್ತಾರೆ. ತಲೆಯ ಮೇಲೆ ಆಸ್ಪ್ರೇ ವಿಮಾನಗಳು ರೆಕ್ಕೆಯ ತುದಿಯ ಪಂಖಗಳನ್ನು ಮೇಲಕ್ಕೆ ತಿರುಗಿಸಿ ಹೆಲಿಕಾಪ್ಟರ್ ಆಗುವುದನ್ನು ನೋಡುತ್ತಾ ನಾವು ಉಪ್ಪಿಟ್ಟು ತಿಂದೆವು.

ದಾರಿ ತಪ್ಪದಿರಲು ಇಲ್ಲಿ ಕಂಬಗಳಿವೆ. ದಕ್ಷಿಣಕ್ಕೆ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಸಮುದ್ರದಿಂದ ಒಳಗೆ ಬರುವ ಅಳಿವೆ ಅಡ್ಡ ಬಂದ ಕಡೆ ಆ ಅಳಿವೆಯ ಲೆಕ್ಕ ಬೇರೆ, ಬಣ್ಣ ಅದಲು ಬದಲಾಗಬಹುದು. ಅಲ್ಲಿ ಕಂಬದ ಮೇಲಿನ ಚಿಕ್ಕ ಹಳದಿ ಗುರುತನ್ನು ನಂಬಬೇಕು. ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ. ಕಂಬ ಯಾವ ಬಣ್ಣದ್ದಾದರೂ ಸರಿ. ದುರ್ಬೀನಿನಲ್ಲಿ ಅದನ್ನು ಹುಡುಕುವುದು ನನ್ನ ಕೆಲಸ. ಏಡಿ ಹಿಡಿಯುವವರ ಬುಟ್ಟಿಗಳ ತೇಲುಚೆಂಡು ಹುಡುಕುವುದೂ ನನ್ನದೇ. ಅದರ ಹಗ್ಗ ಪ್ರೊಪೆಲ್ಲರಿಗೆ ಸುತ್ತಿದರೆ ಆವತ್ತಿನ ದಿನ ಮುಗಿಯಿತು.

ಸೌತ್ ಕ್ಯಾರೊಲಿನಾ ಬೇಗ ಮುಗಿಸುತ್ತೇನೆ. ಮರ್ಟಲ್ ಬೀಚ್ ಹತ್ತಿರ ಬಂಡೆ ಕೊರೆದು ಮಾಡಿದ ಇಕ್ಕಟ್ಟಾದ ಕಾಲುವೆ, ಎದುರಿನಿಂದ ಬಾರ್ಜು ಬಂದರೆ ಸರಿಯಲು ಜಾಗ ಇಲ್ಲ. ಅದಾದ ಮೇಲೆ ವಕಮಾ ನದಿ, ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ಬೇರುಗಳನ್ನು ನೀರಿನಿಂದ ಮೇಲೆತ್ತಿ ನಿಂತ ಸೈಪ್ರೆಸ್ ಮರಗಳು. ಮ್ಯಾಕ್ಲೆಲನ್‌ವಿಲ್‌ನಲ್ಲಿ ನಮ್ಮವರು ಆಗತಾನೆ ದೋಣಿಯಿಂದ ಇಳಿಸಿದ ಸಿಗಡಿ ಕೊಂಡು, ತಮಗೆಂದೇ ಇಟ್ಟುಕೊಂಡ ಬಾಣಲೆಯಲ್ಲಿ, ಹಿಂಭಾಗದ ಡೆಕ್ಕಿನಲ್ಲಿ ಕೂತು ಸುಕ್ಕ ಮಾಡಿಕೊಂಡರು. ನಾನು ತಿನ್ನುವುದಿಲ್ಲ. ವಾಸನೆಗೆ ಮೂರು ಬೋಟಿನವರು ಬಂದರು.

ಅಡುಗೆಯ ವಿಷಯದಲ್ಲಿ ಉತ್ತರ ಕರ್ನಾಟಕದವರಿಗೆ ಬೋಟು ಹೇಳಿ ಮಾಡಿಸಿದ್ದು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಣಕಾಳು, ಯಾವುದಕ್ಕೂ ಫ್ರಿಜ್ ಬೇಡ. ತೇವದ ಗಾಳಿಗೆ ರೊಟ್ಟಿ ಮೆತ್ತಗಾಗದಂತೆ ಬಿಗಿ ಮುಚ್ಚಳದ ಡಬ್ಬಿ ಬೇಕು ಅಷ್ಟೇ. ಫ್ರಿಜ್ಜೇ ನಮ್ಮ ಬ್ಯಾಟರಿಯ ದೊಡ್ಡ ಶತ್ರು. ಸೋಲಾರ್ ಪ್ಯಾನೆಲ್ ತಂದುಕೊಡುವ ಕರೆಂಟಿನ ಅರ್ಧಕ್ಕಿಂತ ಜಾಸ್ತಿ ಅದೇ ತಿನ್ನುತ್ತದೆ. ಮಿಕ್ಸಿ ಎಂಜಿನ್ ಓಡುವಾಗ ಮಾತ್ರ. ದೋಸೆ ಹಿಟ್ಟನ್ನು ಹುದುಗಲು ಎಂಜಿನ್ ಕೋಣೆಯಲ್ಲಿಡುತ್ತೇನೆ. ಸಂಜೆ ಎಂಜಿನ್ ನಿಲ್ಲಿಸಿದ ಮೇಲೂ ರಾತ್ರಿಯಿಡೀ ಅಲ್ಲಿ ಬೆಚ್ಚಗಿರುತ್ತದೆ. ಗ್ಯಾಸ್ ಸಿಲಿಂಡರ್ ಮಾತ್ರ ಒಳಗಿಡುವಂತಿಲ್ಲ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ಬೋಟಿನ ತಳದಲ್ಲಿ ಸೇರಿ ಕೂರುತ್ತದೆ. ಅದಕ್ಕೆ ಡೆಕ್ಕಿನ ಮೇಲೆ, ಹೊರಕ್ಕೆ ತೂತಿರುವ ಪೆಟ್ಟಿಗೆಯಲ್ಲಿ ಅದರ ಜಾಗ.

ಜಾರ್ಜಿಯಾಕ್ಕೆ ಬಂದಾಗ ಲೆಕ್ಕವೆಲ್ಲ ಬದಲಾಯಿತು. ಇಲ್ಲಿ ಕರಾವಳಿ ಒಳಕ್ಕೆ ಬಾಗಿದೆ. ಹಾಗಾಗಿ ಸಮುದ್ರ ಉಬ್ಬಿದಾಗ ನೀರು ಮೂಲೆಗೆ ಒತ್ತರಿಸಿ ಏಳರಿಂದ ಒಂಬತ್ತು ಅಡಿ ಏರುತ್ತದೆ. ಕುಂದಾಪುರದ ಗಂಗೊಳ್ಳಿ ಅಳಿವೆ ನೋಡಿ ಬೆಳೆದವರಿಗೂ ಇದು ಹೊಸದು. ‘ನಮ್ಮಲ್ಲಿ ಆಳುದ್ದ ಏರೋದಿಲ್ಲ ಮಾರಾಯ್ತಿ’ ಎಂದರು. ಬೆಳಿಗ್ಗೆ ಹುಲ್ಲಿನ ತುದಿ ಮಾತ್ರ ಕಾಣುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಕಪ್ಪು ಕೆಸರಿನ ಗೋಡೆ, ಅದರ ಮೇಲೆ ಸಿಂಪಿಗಳು. ಜೆಕಿಲ್ ಕ್ರೀಕ್, ಲಿಟ್ಲ್ ಮಡ್ ನದಿ, ಹೆಲ್ ಗೇಟ್, ಹೂಳಿಗೆ ಹೆಸರಾದ ಜಾಗಗಳೆಲ್ಲ ಇಲ್ಲಿವೆ. ಇಲ್ಲಿ ನೀರು ಅರ್ಧ ಏರಿದ ಮೇಲೆ, ಇನ್ನೂ ಏರುತ್ತಿರುವಾಗ ಹೋಗಬೇಕು. ತಳ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿಬಿಡುತ್ತದೆ. ಇಳಿಯುವಾಗ ತಾಗಿದರೆ ಮುಂದಿನ ಉಬ್ಬರದ ತನಕ ವಾಲಿದ ಮನೆಯಲ್ಲಿ ಕೂರಬೇಕು.

ಲಂಗರು ಹಾಕುವ ಲೆಕ್ಕ ಹೀಗೆ. ಇಳಿತದಲ್ಲಿ ಆಳ 10 ಅಡಿ. ಉಬ್ಬರ 8 ಅಡಿ. ಬೋಟಿನ ಮೂತಿ ನೀರಿನಿಂದ 5 ಅಡಿ ಮೇಲೆ. ಒಟ್ಟು 23. ಅದರ ಐದು ಪಟ್ಟು, ಅಂದರೆ 115 ಅಡಿ ಸರಪಳಿ ಬಿಡಬೇಕು. ಸರಪಳಿ ನೆಲದ ಮೇಲೆ ಅಡ್ಡ ಮಲಗಿದ್ದರೆ ಮಾತ್ರ ಲಂಗರು ಕೆಸರಿನಲ್ಲಿ ಹೂತು ಹಿಡಿಯುತ್ತದೆ, ನೇರ ಮೇಲಕ್ಕೆ ಎಳೆದರೆ ಕಿತ್ತುಬರುತ್ತದೆ. ಸಂಜೆಯ 10 ಅಡಿ ನೋಡಿ 75 ಅಡಿ ಬಿಟ್ಟು ಮಲಗಿದರೆ ರಾತ್ರಿ ಎರಡು ಗಂಟೆಗೆ ಬೋಟು ಪಕ್ಕದವರ ಬಾಗಿಲು ತಟ್ಟುತ್ತದೆ. ಅದೂ ಅಲ್ಲದೆ ಆರು ಗಂಟೆಗೊಮ್ಮೆ ಹರಿವು ತಿರುಗುತ್ತದೆ, ಅದರ ಜೊತೆ ಬೋಟೂ ತಿರುಗುತ್ತದೆ. ಸುತ್ತ ಜಾಗ ಬೇಕು.

ಲಂಗರು ಹಾಕುವಾಗ ಮೂತಿಯಲ್ಲಿ ನಾನು, ಸ್ಟಿಯರಿಂಗಿನಲ್ಲಿ ಅವರು. ನಡುವೆ ಎಂಜಿನ್ ಸದ್ದು, ಗಾಳಿ. ಕೂಗಿದರೆ ಕೇಳಿಸುವುದಿಲ್ಲ, ಕೇಳಿಸಿದರೆ ಬೈದ ಹಾಗೆ ಕೇಳಿಸುತ್ತದೆ. ಇದಕ್ಕೆ ಬೋಟಿನ ದಂಪತಿಗಳು ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್ ಇದೆ. ಅದಕ್ಕೆ ಇಲ್ಲಿ ಎಲ್ಲರೂ ಕರೆಯುವ ಹೆಸರು ‘ಮ್ಯಾರೇಜ್ ಸೇವರ್’. ನಾವು ಅದನ್ನು ಕೊಳ್ಳದೆ ಕೈ ಸನ್ನೆಯಲ್ಲೇ ನಡೆಸುತ್ತಿದ್ದೇವೆ. ಮುಷ್ಟಿ ಎಂದರೆ ನಿಲ್ಲಿಸು. ಬೆರಳು ಹಿಂದಕ್ಕೆ ಎಂದರೆ ರಿವರ್ಸ್. ಎರಡೂ ಕೈ ಸೊಂಟದ ಮೇಲೆ ಎಂದರೆ ಏನೆಂದು ಅವರಿಗೆ ಮದುವೆಯಾದಾಗಿನಿಂದ ಗೊತ್ತು.

ಕಂಬರ್ಲೆಂಡ್ ದ್ವೀಪದ ಹಿಂದೆ ಲಂಗರು ಹಾಕಿದ ಮೊದಲ ರಾತ್ರಿ ಬೋಟಿನ ತಳದಿಂದ ಚಟಪಟ ಸದ್ದು ಕೇಳಿ ಇಬ್ಬರೂ ಎದ್ದು ಕೂತೆವು. ಒಗ್ಗರಣೆಗೆ ಹಾಕಿದ ಸಾಸಿವೆ ನಿಲ್ಲದೆ ಸಿಡಿಯುತ್ತಲೇ ಇದ್ದ ಹಾಗೆ. ಟಾರ್ಚ್ ಹಿಡಿದು ವೈರು, ಪಂಪು, ತಳ ಎಲ್ಲ ನೋಡಿದೆವು. ಎಲ್ಲ ಒಣಗಿತ್ತು. ಬೆಳಿಗ್ಗೆ ಪಕ್ಕದ ಬೋಟಿನವರು ನಕ್ಕು ಹೇಳಿದರು, ಅದು ಸಿಗಡಿ ಜಾತಿಯ ಒಂದು ಸಣ್ಣ ಜೀವಿ. ಕೊಂಡಿಯನ್ನು ಎಷ್ಟು ಜೋರಾಗಿ ಮುಚ್ಚುತ್ತದೆಂದರೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಸದ್ದು ಆ ಗುಳ್ಳೆಯದ್ದು. ಆ ದ್ವೀಪಕ್ಕೆ ಸೇತುವೆ ಇಲ್ಲ. ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋದರೆ ಉಕ್ಕಿನ ಶ್ರೀಮಂತರಾದ ಕಾರ್ನೆಗಿ ಮನೆತನದವರ ಸುಟ್ಟ ಬಂಗಲೆಯ ಗೋಡೆಗಳು, ಅವುಗಳ ಮುಂದೆ ಯಾರದ್ದೂ ಅಲ್ಲದ ಕುದುರೆಗಳು.

ಖರ್ಚು ಎಷ್ಟಾಗುತ್ತೆ ಎಂದು ಕೇಳುವವರು ಬಹಳ. ಬೋಟು ನಿಲ್ಲಿಸುವ ಮರೀನಾದಲ್ಲಿ ಕಟ್ಟಿದರೆ ರಾತ್ರಿಗೆ ಅಡಿ ಲೆಕ್ಕದಲ್ಲಿ ಬಾಡಿಗೆ. ನಮಗೆ ಅಡಿಗೆ ಎರಡರಿಂದ ಮೂರು ಡಾಲರ್ ಬಿತ್ತು. 36 ಅಡಿಗೆ ನೀವೇ ಗುಣಿಸಿ. ಲಂಗರು ಪುಕ್ಕಟೆ. ಹಾಗಾಗಿ ನೀರು, ಬಟ್ಟೆ ಒಗೆಯುವುದು, ದಿನಸಿ ಮೂರೂ ಒಟ್ಟಿಗೆ ಮುಗಿದಾಗ ಮಾತ್ರ ಕಟ್ಟೆಗೆ ಹೋಗುತ್ತೇವೆ. ಇವು ಒಟ್ಟಿಗೆ ಮುಗಿಯುವ ಹಾಗೆ ನೋಡಿಕೊಳ್ಳುವುದೇ ಒಂದು ಕಲೆ. ಕಕ್ಕಸಿನ ಟ್ಯಾಂಕ್ ಬೇರೆ ಇದೆ. ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ನೀರಿಗೆ ಬಿಡುವುದು ಅಪರಾಧ. ಪಂಪ್‌ಔಟ್ ಕಡೆಗೆ ಹೋಗಿ ಕೊಳವೆ ಹಾಕಿ ಎಳೆಸಬೇಕು. ಕೆಲವು ಕಡೆ ಐದು ಡಾಲರ್, ಕೆಲವು ಕಡೆ ಪುಕ್ಕಟೆ.

ನವೆಂಬರ್ ಶುರುವಾದ ಮೇಲೆ ಗಡಿ ದಾಟಿದೆವು. ಸೇಂಟ್ ಆಗಸ್ಟೀನ್‌ನಲ್ಲಿ ಸಿಂಹಗಳ ಸೇತುವೆ ಎರಡು ಭಾಗವಾಗಿ ಮೇಲೆದ್ದು ದಾರಿ ಬಿಟ್ಟಿತು. 1565ರಲ್ಲಿ ಸ್ಪೇನಿನವರು ಕಟ್ಟಿದ ಊರು. ಚಿಪ್ಪುಗಲ್ಲಿನ ಕೋಟೆಯ ಮುಂದೆಯೇ ಬೋಟು ಕಟ್ಟಿದೆವು. ಅಲ್ಲಿಂದ ಕೆಳಗೆ ಮ್ಯಾನಟಿಗಳ ನಾಡು. ಅವು ಆಳ ಕಡಿಮೆ ಇರುವ ನೀರಿನಲ್ಲಿ ನಿಧಾನಕ್ಕೆ ಮೇಯುತ್ತಾ ಹೋಗುವ ಪ್ರಾಣಿಗಳು, ಪ್ರೊಪೆಲ್ಲರಿಗೆ ಸಿಕ್ಕಿ ಗಾಯವಾಗುತ್ತವೆ. ಅದಕ್ಕೆ ಮೈಲಿಗಟ್ಟಲೆ ಮಂದಗತಿ ಕಡ್ಡಾಯ. ವೇಗದ ಬೋಟಿನವರಿಗೆ ಇದು ಹಿಂಸೆ. ನಮ್ಮ ಬೋಟಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಈಗ ವೀರೋ ಬೀಚ್‌ನಲ್ಲಿದ್ದೇವೆ. ಇಲ್ಲಿ ಜಾಗಕ್ಕೆ ನೂಕುನುಗ್ಗಲು, ನೀರಿನ ತಳಕ್ಕೆ ಬಿಗಿದು ಬಿಟ್ಟ ತೇಲುಚೆಂಡು (ಮೂರಿಂಗ್) ಒಂದಕ್ಕೇ ಎರಡು ಮೂರು ಬೋಟು ಕಟ್ಟಿಸುತ್ತಾರೆ. ನಮ್ಮ ಪಕ್ಕಕ್ಕೆ ಕೆನಡಾದ ಒಂದು ಜೋಡಿ. ನಾನು ಅವರಿಗೆ ಶೇಂಗಾ ಚಟ್ನಿಪುಡಿ ಕೊಟ್ಟೆ. ಅವರು ನಮ್ಮ ಕಕ್ಕಸಿನ ಪಂಪ್ ಯಾಕೆ ನೀರನ್ನು ವಾಪಸ್ ತಳ್ಳುತ್ತಿದೆ ಎಂದು ನೋಡಿ ಹೇಳಿದರು. ಜೋಕರ್ ವಾಲ್ವ್ ಎಂಬ ರಬ್ಬರಿನ ತುಂಡು ಸವೆದಿದೆ. ಹೊಸದು ನಿನ್ನೆ ಬಂತು. ಅಳವಡಿಸಲು ಇಪ್ಪತ್ತು ನಿಮಿಷ ಸಾಕಂತೆ, ಆದರೆ ಬಿಚ್ಚುವವರ ಕೈ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಫಿಲ್ಟರ್ ನನ್ನ ಇಲಾಖೆ, ಇದು ನಿಮ್ಮದು ಎಂದು ನಮ್ಮವರಿಗೆ ಹೇಳಿದೆ. ಅವರು ಇನ್ನೂ ಒಪ್ಪಿಲ್ಲ. ಪಂಪ್‌ಔಟ್ ಬೋಟು ನಾಳೆ ಬೆಳಿಗ್ಗೆ ಬರುತ್ತದೆ. ಅಷ್ಟರೊಳಗೆ ತೀರ್ಮಾನ ಆಗಲೇಬೇಕು.